ರಾಕ್ಷಸರನ್ನು ಹುಟ್ಟಿಸುವ ಸಿನಿಮಾದವರಿಗೆ ಒಂದು ಬಹಿರಂಗ ಪತ್ರ

ದೈತ್ಯ, ರಾಕ್ಷಸ, ವಿಚಿತ್ರ ಪ್ರಾಣಿಗಳ ಸಿನಿಮಾ ಮಾಡುವ ನಿರ್ದೇಶಕರಿಗೆ, ಕಥೆ ಬರೆಯುವವರಿಗೆ, ಆ ಜೀವಗಳಿಗೆ ಮೈ, ಮುಖ, ದನಿ ಕೊಡುವ ಕಲಾವಿದರಿಗೆ,

ಮಾನ್ಯರೇ,

ನಮಸ್ಕಾರ. ನಾನು ನಿಮ್ಮ ಸಿನಿಮಾಗಳನ್ನು ದುಡ್ಡು ಕೊಟ್ಟು ನೋಡುವ ಪ್ರೇಕ್ಷಕಿ. ಮಕ್ಕಳೊಂದಿಗಳು. ಹೆದರಿಕೆ ನನಗೆ ಇಷ್ಟ. ಕತ್ತಲಲ್ಲಿ ಕೂತು ಕಿರುಚುವುದು ಇನ್ನೂ ಇಷ್ಟ. ಹಾಗಾಗಿ ಇದು ಭಯದ ಸಿನಿಮಾ ನಿಲ್ಲಿಸಿ ಅಂತ ಕೇಳುವ ಪತ್ರ ಅಲ್ಲ. ನನ್ನ ದೂರು ಬೇರೆ. ನಿಮ್ಮ ಸಿನಿಮಾದ ಕೊನೆಯಲ್ಲಿ ಸಾಯುವುದು ಬಹಳ ಸಲ ರಾಕ್ಷಸ ಅಲ್ಲ, ಒಂದು ಮಗು. ಅದು ನಿಮಗೂ ಗೊತ್ತು. ಯಾಕೆಂದರೆ ಅದನ್ನು ಮಗುವಿನ ಹಾಗೆ ಮಾಡಿದವರು ನೀವೇ. ಮಾಡಿ, ಅದರ ಮೇಲೆ ಪ್ರೀತಿ ಹುಟ್ಟಿಸಿ, ಆಮೇಲೆ ಅದನ್ನು ಕೊಂದು ನಮ್ಮ ಚಪ್ಪಾಳೆಗೆ ಕಾಯುತ್ತೀರಿ.

ಚಪ್ಪಾಳೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಶಿಳ್ಳೆಯೂ ಬೀಳುತ್ತದೆ. ಆದರೆ ಆ ಹೊತ್ತಿನಲ್ಲಿ ಒಮ್ಮೆ ಪರದೆ ಬಿಟ್ಟು ಸೀಟುಗಳ ಕಡೆ ನೋಡಿ. ಗುಂಡು ತಿಂದ ಆ ದೊಡ್ಡ ಮೈ ನೆಲಕ್ಕೆ ಬೀಳುವಾಗ ಮುಖ ಆಚೆ ತಿರುಗಿಸಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದೇ ಇರುತ್ತಾರೆ. ಹೊರಗೆ ಬಂದ ಮೇಲೆ ಅವರು ಬಾಯಿ ಬಿಡುವುದಿಲ್ಲ. ಬಿಟ್ಟರೆ ನಗೆಪಾಟಲು. ‘ಅಯ್ಯೋ, ಅದು ಕಂಪ್ಯೂಟರ್‌ನಲ್ಲಿ ಮಾಡಿದ್ದು ಕಣೇ’ ಅನ್ನುತ್ತಾರೆ. ಗೊತ್ತು ಮಾರಾಯರೇ. ನಾಯಕನೂ ಮೇಕಪ್ ಹಚ್ಚಿಕೊಂಡು ಬಂದವನೇ. ಅವನಿಗಾಗಿ ಅತ್ತರೆ ಸರಿ, ಇದಕ್ಕಾಗಿ ಅತ್ತರೆ ಹುಚ್ಚಾ?

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಮನೆಯಲ್ಲಿ ನನ್ನನ್ನು ರೇಗಿಸುತ್ತಾರೆ. ಆದರೆ ಇವುಗಳನ್ನು ಹೆತ್ತವಳು ನಾನಲ್ಲ. ಹೆತ್ತವರು ನೀವು. ನಿಮಗೇ ಮುದ್ದಿಲ್ಲ ಅನ್ನುವುದು ನನ್ನ ತಕರಾರು.

ಹಳೆಯದರಿಂದಲೇ ಶುರು ಮಾಡುತ್ತೇನೆ. 1931ರ ‘ಫ್ರಾಂಕೆನ್‌ಸ್ಟೈನ್’. ಜೇಮ್ಸ್ ವೇಲ್ ನಿರ್ದೇಶನ. ವಿಜ್ಞಾನಿಯೊಬ್ಬ ಹೆಣಗಳ ತುಂಡು ಜೋಡಿಸಿ, ಜೀವ ಕೊಟ್ಟು ಮಾಡಿದ ರಾಕ್ಷಸನ ಪಾತ್ರದಲ್ಲಿ ನಟ ಬೋರಿಸ್ ಕಾರ್ಲಾಫ್. ಸಿನಿಮಾದ ಆರಂಭದ ಹೆಸರುಗಳ ಪಟ್ಟಿಯಲ್ಲಿ ಆ ಪಾತ್ರದ ಮುಂದೆ ನಟನ ಹೆಸರಿಲ್ಲ, ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಪ್ರಚಾರಕ್ಕೆ ಮಾಡಿದ ತಂತ್ರ ಅದು. ನನಗೆ ಮಾತ್ರ ಹೆಸರಿಡದೆ ಬಿಟ್ಟ ಕೂಸಿನ ಹಾಗೆ ಕಾಣುತ್ತದೆ. ಆ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಜೀವ ಬಂದು ಇನ್ನೂ ಹೆಚ್ಚು ಹೊತ್ತಾಗಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ. ಮೇಲೆ ಚಾವಣಿಯ ಕಿಟಕಿ ತೆರೆಯುತ್ತದೆ. ಬೆಳಕು ಮುಖದ ಮೇಲೆ ಬೀಳುತ್ತದೆ. ಅವನು ಮೆಲ್ಲಗೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಆ ಬೆಳಕನ್ನು ಹಿಡಿಯಲು ನೋಡುತ್ತಾನೆ. ಕಿಟಕಿ ಮುಚ್ಚುತ್ತಾರೆ. ಅವನ ಕೈಗಳು ಇನ್ನೂ ಚಾಚಿಕೊಂಡೇ ಇರುತ್ತವೆ. ಎಲ್ಲಿ ಹೋಯಿತು, ಕೊಡಿ ಅನ್ನುವ ಹಾಗೆ. ಮರುಕ್ಷಣ ಒಬ್ಬ ಸಹಾಯಕ ಪಂಜು ಹಿಡಿದು ನುಗ್ಗುತ್ತಾನೆ. ಬೆಂಕಿ ಕಂಡು ಅದು ಬೆದರಿ ಕೈಕಾಲು ಬಡಿಯುತ್ತದೆ. ಅಷ್ಟಕ್ಕೇ ಅಪಾಯಕಾರಿ ಅಂತ ತೀರ್ಮಾನ. ಸಂಕೋಲೆ, ಕತ್ತಲೆ ಕೋಣೆ.

ಅವನ ತಲೆಯೊಳಗೆ ಅಪರಾಧಿಯ ಮೆದುಳಿದೆ, ಅದಕ್ಕೇ ಹೀಗೆ ಅಂತ ಕಥೆ ಹೇಳುತ್ತದೆ. ಕಾರ್ಲಾಫ್ ಅವರ ಕೈಗಳು ಬೇರೆಯೇ ಹೇಳುತ್ತವೆ. ನಾನು ಕೈಗಳನ್ನೇ ನಂಬುತ್ತೇನೆ.

ಅದೇ ಸಿನಿಮಾದಲ್ಲಿ ಕೆರೆಯ ದಡದ ದೃಶ್ಯ ನಿಮಗೆಲ್ಲ ಬಾಯಿಪಾಠ ಇರುತ್ತದೆ. ಮಾರಿಯಾ ಅನ್ನುವ ಪುಟ್ಟ ಹುಡುಗಿ ಅವನನ್ನು ಕಂಡು ಹೆದರುವುದಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ. ಹೂವು ಕೊಡುತ್ತಾಳೆ. ಇಬ್ಬರೂ ಹೂವನ್ನು ನೀರಿಗೆ ಹಾಕಿ ತೇಲುವುದನ್ನು ನೋಡುತ್ತಾರೆ. ಅವನು ನಗುತ್ತಾನೆ. ಕೈಯಲ್ಲಿದ್ದ ಹೂವು ಮುಗಿಯುತ್ತದೆ. ಅವಳನ್ನೇ ಎತ್ತಿ ನೀರಿಗೆ ಹಾಕುತ್ತಾನೆ, ಇವಳೂ ತೇಲುತ್ತಾಳೆ ಅಂತ. ಅವಳು ಮೇಲೆ ಬರುವುದಿಲ್ಲ. ಅವನು ಗಾಬರಿಯಾಗಿ ತಡವರಿಸುತ್ತಾ ಓಡುತ್ತಾನೆ. ಆಗ ಸೆನ್ಸಾರ್‌ನವರು ಇದಕ್ಕೆ ಕತ್ತರಿ ಹಾಕಿದರು. ಅವನು ಅವಳ ಕಡೆ ಕೈ ಚಾಚುವಲ್ಲಿಗೇ ದೃಶ್ಯ ನಿಂತುಹೋಯಿತು. ಮುಂದೆ ಕಾಣುವುದು ಅಪ್ಪನ ತೋಳಲ್ಲಿ ಹುಡುಗಿಯ ಹೆಣ. ನಡುವೆ ಏನಾಯಿತು ಅಂತ ನೋಡುವವರು ಊಹಿಸಿಕೊಂಡರು, ಆದದ್ದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಂಡರು. ಆ ತುಣುಕು ಸಿನಿಮಾಕ್ಕೆ ವಾಪಸ್ ಸೇರಲು 1980ರ ದಶಕ ಬರಬೇಕಾಯಿತು. ಅಷ್ಟು ವರ್ಷ ಒಂದು ಕೂಸಿನ ಮೇಲೆ ಇಲ್ಲದ ಆರೋಪ.

ಹಾಗಂತ ಮಾರಿಯಾ ಸತ್ತದ್ದು ನನಗೆ ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಅವಳ ಅಪ್ಪ ಅವಳನ್ನು ಎತ್ತಿಕೊಂಡು ಜನರ ನಡುವೆ ನಡೆದು ಬರುವಾಗ ನನ್ನ ಕರುಳು ಕಿತ್ತು ಬರುತ್ತದೆ. ಆ ಅಪ್ಪನ ಸಂಕಟಕ್ಕೂ ಮರುಗುತ್ತೇನೆ, ಓಡಿಹೋದ ಆ ದಡ್ಡನಿಗೂ ಮರುಗುತ್ತೇನೆ. ಒಬ್ಬರಿಗೆ ಮರುಗಿದರೆ ಇನ್ನೊಬ್ಬರಿಗೆ ಕಡಿಮೆ ಬೀಳುತ್ತದಾ? ಮಕ್ಕಳಿಬ್ಬರು ಹೊಡೆದಾಡಿಕೊಂಡಾಗ ಅಮ್ಮ ಯಾರ ಕಡೆ? ಪೆಟ್ಟು ತಿಂದವನನ್ನು ಎತ್ತಿಕೊಳ್ಳುತ್ತಾಳೆ. ಕೊಟ್ಟವನನ್ನು ಮನೆಯಿಂದ ಆಚೆ ಹಾಕುವುದಿಲ್ಲ.

ಈ ಕಥೆ ಮೊದಲು ಬರೆದದ್ದು ಒಬ್ಬ ಹೆಣ್ಣುಮಗಳು ಅನ್ನುವುದನ್ನು ನೀವು ಮರೆತಂತಿದೆ. ಮೇರಿ ಶೆಲ್ಲಿ ಬರೆಯಲು ಶುರು ಮಾಡಿದ್ದು 1816ರಲ್ಲಿ. ಆಗ ಆಕೆಗೆ 18 ವರ್ಷ. ಆಕೆಯ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ ಬಾಣಂತಿ ಜ್ವರದಿಂದ ತೀರಿಕೊಂಡಿದ್ದರು. 1815ರಲ್ಲಿ ಮೇರಿಗೂ ದಿನ ತುಂಬುವ ಮೊದಲೇ ಒಂದು ಹೆಣ್ಣುಮಗು ಹುಟ್ಟಿ, ಉಳಿಯಲಿಲ್ಲ. ಆಮೇಲೆ ಒಂದು ದಿನ ದಿನಚರಿಯಲ್ಲಿ ಕನಸೊಂದನ್ನು ಬರೆದುಕೊಂಡರು. ಮಗು ತಣ್ಣಗಾಗಿತ್ತಷ್ಟೇ, ಬೆಂಕಿಯ ಮುಂದೆ ಹಿಡಿದು ಮೈ ಉಜ್ಜಿದೆವು, ಜೀವ ಬಂತು ಅಂತ. ಎಚ್ಚರವಾದಾಗ ಮಗು ಇಲ್ಲ. ಮುಂದೆ ಇದೇ ಹೆಣ್ಣು, ಸತ್ತ ಮೈಗೆ ಜೀವ ಬರುವ ಕಾದಂಬರಿ ಬರೆದರು. ಅದರಲ್ಲಿ ಆ ಜೀವವನ್ನು ಮಾಡಿದ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಮಾಡುವ ಮೊದಲ ಕೆಲಸ ಏನು? ತಾನೇ ಮಾಡಿದ ಜೀವ ಕಣ್ಣು ಬಿಟ್ಟ ಕೂಡಲೇ ಅಸಹ್ಯಪಟ್ಟು ಕೋಣೆಯಿಂದ ಓಡಿಹೋಗುವುದು. ರಾತ್ರಿ ಆ ಜೀವ ಅವನ ಹಾಸಿಗೆಯ ಹತ್ತಿರ ಬರುತ್ತದೆ. ಪರದೆ ಸರಿಸಿ ಅವನನ್ನೇ ನೋಡುತ್ತದೆ. ಏನೋ ತೊದಲುತ್ತದೆ. ಕೆನ್ನೆ ಸುಕ್ಕಾಗುವ ಹಾಗೆ ಹಲ್ಲು ಬಿಡುತ್ತದೆ. ಒಂದು ಕೈ ಚಾಚುತ್ತದೆ. ಅವನು ತಪ್ಪಿಸಿಕೊಂಡು ಮತ್ತೆ ಓಡುತ್ತಾನೆ. ರಾತ್ರಿ ಎದ್ದು ಬಂದು, ತೊದಲಿ, ನಕ್ಕು, ಕೈ ಚಾಚುವವರು ಯಾರು ಅಂತ ಮಕ್ಕಳನ್ನು ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. 1818ರಲ್ಲಿ ಪುಸ್ತಕ ಹೊರಬಂದಾಗ ಲೇಖಕಿಯ ಹೆಸರೂ ಅದರ ಮೇಲೆ ಇರಲಿಲ್ಲ.

ಆ ವಿಕ್ಟರ್‌ಗೂ ನಿಮಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ, ಕ್ಷಮಿಸಿ. ಅವನಾದರೂ ಹೆದರಿ ಓಡಿದ. ನೀವು ಲೆಕ್ಕ ಹಾಕಿ ಮಾಡುತ್ತೀರಿ.

ಲೆಕ್ಕ ಹೇಗೆ ಅಂತ ಹೇಳುತ್ತೇನೆ. ಕೊನ್ರಾಡ್ ಲೊರೆನ್ಜ್ ಅನ್ನುವ ವಿಜ್ಞಾನಿ 1943ರಲ್ಲಿ ಒಂದು ವಿಷಯ ಬರೆದರು. ಮೈಗಿಂತ ದೊಡ್ಡ ತಲೆ, ಉಬ್ಬಿದ ಹಣೆ, ಕೆಳಗೆ ಇಳಿದಂತಿರುವ ದೊಡ್ಡ ಕಣ್ಣು, ತುಂಬಿದ ಕೆನ್ನೆ, ಕುಳ್ಳ ಕೈಕಾಲು, ತಡಬಡಾಯಿಸುವ ನಡಿಗೆ. ಇಷ್ಟು ಕಂಡರೆ ಮನುಷ್ಯರಿಗೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ತನ್ನ ಮಗುವೇ ಆಗಬೇಕಿಲ್ಲ, ಮನುಷ್ಯನ ಮಗುವೇ ಆಗಬೇಕಿಲ್ಲ. ನಾಯಿಮರಿಗೂ ಆಗುತ್ತದೆ. ಇದು ನಿಮ್ಮ ಡಿಸೈನ್ ವಿಭಾಗದವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಬೇಕಾದಾಗ ಕಣ್ಣು ದೊಡ್ಡದು ಮಾಡುತ್ತೀರಿ. ಬೇಡವಾದಾಗ ಕಣ್ಣು ಕಿತ್ತು ಬರೀ ಹಲ್ಲು ಇಡುತ್ತೀರಿ.

ದನಿಯಲ್ಲೂ ಅದೇ. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಟಿ-ರೆಕ್ಸ್ ಅನ್ನುವ ಡೈನೋಸಾರ್‌ನ ಘರ್ಜನೆ ಕೇಳಿ ನಾನು ಸೀಟಿಗೆ ಅಂಟಿಕೊಂಡಿದ್ದೆ. ಆದರೂ ಅದರೊಳಗೆ ಏನೋ ಒಂದು ಎದೆಗೆ ತಾಗುತ್ತಿತ್ತು. ಏನದು ಅಂತ ಬಹಳ ವರ್ಷಗಳ ನಂತರ ಓದಿ ತಿಳಿಯಿತು. ಧ್ವನಿ ವಿನ್ಯಾಸಕ ಗ್ಯಾರಿ ರೈಡ್‌ಸ್ಟ್ರಾಮ್ ಹುಲಿ, ಮೊಸಳೆಗಳ ದನಿಯ ಜೊತೆಗೆ ಒಂದು ಆನೆಮರಿಯ ಕೂಗನ್ನು ಬೆರೆಸಿದ್ದರು. ಆ ಘರ್ಜನೆಯ ಮುಖ್ಯ ಭಾಗವೇ ಅದು. ಈಗ ಹೇಳಿ, ತಪ್ಪು ನನ್ನ ಕಿವಿಯದಾ? ಮರಿಯ ಕೂಗು ಬೆರೆಸಿದವರು ನೀವು. ಅದು ಕೇಳಿಸಿತು ಅಂದರೆ ನಗುವವರೂ ನಿಮ್ಮ ಕಡೆಯವರೇ.

1933ರ ‘ಕಿಂಗ್ ಕಾಂಗ್’ ಬಗ್ಗೆ ಮಾತಾಡದೆ ಇರಲಾರೆ. ಕಾಂಗ್ ಅಂದರೆ ಒಂದು ದೈತ್ಯ ಗೊರಿಲ್ಲಾ. ಗೊಂಬೆಗಳಿಗೆ ಚಲನೆ ಕೊಟ್ಟ ವಿಲಿಸ್ ಓಬ್ರಿಯನ್ ತಂಡ ಬಳಸಿದ ಕಾಂಗ್ ಗೊಂಬೆಗಳು ಸುಮಾರು 18 ಇಂಚು ಎತ್ತರ, ಮೈಗೆ ಮೊಲದ ತುಪ್ಪಳ. ಒಂದೊಂದು ಫ್ರೇಮಿಗೂ ಕೈಯಿಂದ ಮುಟ್ಟಿ ಸರಿಸಬೇಕಿತ್ತು. ಬೆರಳು ತಾಗಿದಲ್ಲೆಲ್ಲ ರೋಮ ಅಲುಗಾಡಿರುವುದು ಪರದೆಯ ಮೇಲೆ ಕಾಣುತ್ತದೆ. ಅಷ್ಟು ಮುಟ್ಟಿ ಮುಟ್ಟಿ ಬೆಳೆಸಿದ ಜೀವವನ್ನು ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮೇಲೆ ಹತ್ತಿಸಿದರು. ಗುಂಡು ತಾಗಿದ ಮೇಲೆ ಅವನು ಎದೆ ಮುಟ್ಟಿಕೊಳ್ಳುತ್ತಾನೆ. ರಕ್ತ ನೋಡುತ್ತಾನೆ. ಇದೇನು ಅಂತ ಅವನಿಗೆ ಅರ್ಥವಾಗುವುದಿಲ್ಲ. ಬೀಳುವ ಮುಂಚೆ, ತಾನು ಇಷ್ಟಪಟ್ಟು ಹೊತ್ತು ತಂದ ಹುಡುಗಿಯನ್ನು ಎತ್ತಿಕೊಂಡು, ಮತ್ತೆ ಜೋಪಾನವಾಗಿ ಕೆಳಗೆ ಇಡುತ್ತಾನೆ. ವಿಮಾನದಲ್ಲಿ ಕೂತು ಅವನಿಗೆ ಗುಂಡು ಹೊಡೆದವರ ಪಾತ್ರ ಮಾಡಿದ್ದು ಯಾರು ಗೊತ್ತಲ್ವಾ? ಸಿನಿಮಾದ ನಿರ್ದೇಶಕರಾದ ಮೆರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್‌ಸ್ಯಾಕ್. ಸ್ವತಃ ಅವರೇ. ತಮಾಷೆಗೆ ಮಾಡಿದ್ದಿರಬಹುದು. ನನಗೆ ಅದಕ್ಕಿಂತ ಪ್ರಾಮಾಣಿಕ ದೃಶ್ಯ ನಿಮ್ಮ ಇಡೀ ಕುಲದಲ್ಲಿ ಕಾಣುವುದಿಲ್ಲ. ಕೊನೆಗೆ ಅವನನ್ನು ಸರಪಳಿ ಹಾಕಿ ತಂದ ಮನುಷ್ಯನೇ ಹೆಣದ ಪಕ್ಕ ನಿಂತು, ಇವನನ್ನು ಕೊಂದದ್ದು ವಿಮಾನಗಳಲ್ಲ, ಸೌಂದರ್ಯ ಅನ್ನುತ್ತಾನೆ. ಅಂದರೆ ತಪ್ಪು ಹುಡುಗಿಯದು! ಇದನ್ನು ಬಹಳ ಜನ ಒಳ್ಳೆಯ ಡೈಲಾಗ್ ಅನ್ನುತ್ತಾರೆ.

ಹೆಂಗಸರು ಹೇಳಿದ್ದು ಹೇಗೆ ಗಾಳಿಗೆ ಹೋಗುತ್ತದೆ ಅನ್ನುವುದಕ್ಕೆ ಇನ್ನೊಂದು. 1955ರ ‘ದಿ ಸೆವೆನ್ ಇಯರ್ ಇಚ್’ನಲ್ಲಿ ಮರ್ಲಿನ್ ಮನ್ರೋ ಬಿಳಿ ಉಡುಪು ಗಾಳಿಗೆ ಹಾರುವ ದೃಶ್ಯ ನೋಡದವರಿಲ್ಲ. ಅದಕ್ಕೆ ತುಸು ಮೊದಲು ಆ ಪಾತ್ರ ಥಿಯೇಟರಿನಿಂದ ಹೊರಗೆ ಬರುತ್ತದೆ. ನೋಡಿ ಬಂದದ್ದು ‘ಕ್ರಿಯೇಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್’, ನೀರಿನೊಳಗಿನ ಒಂದು ವಿಚಿತ್ರ ಜೀವಿಯ ಕಥೆ. ಅದನ್ನು ನೋಡಿ ಪಾಪ ಅನ್ನಿಸಿತು, ಅದಕ್ಕೆ ಬೇಕಿದ್ದದ್ದು ಸ್ವಲ್ಪ ಪ್ರೀತಿ ಅಷ್ಟೇ ಅನ್ನುತ್ತಾಳೆ. ಇಡೀ ಲೋಕಕ್ಕೆ ಉಡುಪು ನೆನಪಿದೆ. ಮಾತು ಯಾರಿಗೂ ನೆನಪಿಲ್ಲ.

ಈಗ ನನ್ನ ದೊಡ್ಡ ದೂರಿಗೆ ಬರುತ್ತೇನೆ. 1998ರ ಹಾಲಿವುಡ್ ‘ಗಾಡ್ಜಿಲ್ಲಾ’. ಹಲ್ಲಿಯಂಥ ಆ ದೈತ್ಯ ಜೀವಿ ನ್ಯೂಯಾರ್ಕಿಗೆ ಬಂದದ್ದು ಗೂಡು ಕಟ್ಟಲು, ಮೊಟ್ಟೆ ಇಡಲು. ಮೀನು ಕೂಡಿಟ್ಟದ್ದೂ ಹುಟ್ಟುವ ಮರಿಗಳಿಗಾಗಿ. ಮರಿಗಳು ಮೊಟ್ಟೆ ಒಡೆದು ಹೊರಬಂದವು. ಸೇನೆಯವರು ಗೂಡಿನ ಮೇಲೆ ಬಾಂಬ್ ಹಾಕಿದರು. ತಾಯಿ ಬಂದು ನೋಡುತ್ತದೆ. ಅದು ಗಂಡೋ ಹೆಣ್ಣೋ ಅಂತ ಸಿನಿಮಾಕ್ಕೇ ಗೊಂದಲವಿದೆ, ನಾನು ತಾಯಿ ಅಂತಲೇ ಕರೆಯುತ್ತೇನೆ. ಸತ್ತುಬಿದ್ದ ಮರಿಯನ್ನು ಮೂತಿಯಿಂದ ಮೆಲ್ಲಗೆ ತಳ್ಳಿ ನೋಡುತ್ತದೆ, ಏಳುತ್ತದೇನೋ ಅಂತ. ಆಮೇಲೆ ಅದಕ್ಕೆ ಸಿಟ್ಟು ಬರುತ್ತದೆ. ಯಾರಿಗೆ ಬರುವುದಿಲ್ಲ? ಸೇತುವೆಯ ಕಂಬಿಗಳಲ್ಲಿ ಸಿಕ್ಕಿಹಾಕಿಕೊಂಡಾಗ ಕ್ಷಿಪಣಿ ಹೊಡೆದು ಕೊಲ್ಲುತ್ತಾರೆ. ಎದೆಬಡಿತ ನಿಧಾನವಾಗುತ್ತಾ ಹೋಗುವುದನ್ನು ನಮಗೆ ಕೇಳಿಸುತ್ತೀರಿ. ನಿಲ್ಲುತ್ತದೆ. ತಕ್ಷಣ ಜನರ ಜಯಘೋಷ. ಎದೆಬಡಿತ ಕೇಳಿಸಿದ್ದು ಯಾಕೆ ಸ್ವಾಮಿ, ಜಯಘೋಷವೇ ಕೇಳಿಸಬೇಕಿದ್ದರೆ? ಸಾಲದ್ದಕ್ಕೆ ಕೊನೆಯಲ್ಲಿ ಉಳಿದ ಒಂದು ಮೊಟ್ಟೆ ಬಿರಿಯುವುದನ್ನು ತೋರಿಸುತ್ತೀರಿ. ಅದು ಹೆದರಿಸಲು ಅಂತ. ನನಗೆ ಹೆದರಿಕೆ ಬರಲಿಲ್ಲ. ಇದಕ್ಕೆ ಇನ್ನು ಯಾರು ಗತಿ ಅಂತ ಯೋಚನೆ ಬಂತು.

ಮಹಾಭಾರತದಲ್ಲಿ ಘಟೋತ್ಕಚ ಸತ್ತಾಗ ಕೃಷ್ಣ ಸಂತೋಷದಿಂದ ಕುಣಿದನಂತೆ. ಅರ್ಜುನನಿಗೆ ಇಟ್ಟಿದ್ದ ಶಕ್ತ್ಯಾಯುಧ ಇವನ ಮೇಲೆ ಖರ್ಚಾಯಿತಲ್ಲ ಅಂತ. ಹಿಡಿಂಬೆಯ ನೆನಪು ಆಗ ಯಾರಿಗೂ ಬಂದ ಹಾಗಿಲ್ಲ. ನಿಮ್ಮ ಕ್ಲೈಮ್ಯಾಕ್ಸ್‌ಗಳು ಬಂದಿರುವುದು ಹಳೆಯ ದಾರಿಯಲ್ಲೇ, ಒಪ್ಪುತ್ತೇನೆ.

ಇನ್ನು ತಾಯಿ-ರಾಕ್ಷಸಿಯರನ್ನು ನೀವು ತೋರಿಸುವ ರೀತಿ. ಮರಿ ಹೇಗೋ ಮುದ್ದಾಗಿರುತ್ತದೆ. ತಾಯಿ ಬಂದಳು ಅಂದರೆ ಮುಗಿಯಿತು, ಲೋಳೆ, ಜೊಲ್ಲು, ಮೊಟ್ಟೆ ಚೀಲ, ಹೇಸಿಗೆ. ಹೆರುವ ಮೈ ಅಂದರೆ ಯಾಕೆ ಇಷ್ಟು ಅಸಹ್ಯ ನಿಮಗೆ? 1986ರ ‘ಏಲಿಯನ್ಸ್’ನಲ್ಲಿ ರಾಣಿ ಏಲಿಯನ್ ನೋಡಿ ನಾನೂ ಮುಖ ಕಿವುಚಿದೆ. ಆದರೆ ಅಲ್ಲಿ ಒಂದು ಕ್ಷಣ ಇದೆ. ನಾಯಕಿ ರಿಪ್ಲಿ ಒಂದು ಕೈಯಲ್ಲಿ ತಾನು ಕಾಪಾಡಿದ ಪುಟ್ಟ ಹುಡುಗಿಯನ್ನು ಎತ್ತಿಕೊಂಡಿದ್ದಾಳೆ. ಇನ್ನೊಂದು ಕೈಯಲ್ಲಿ ಬೆಂಕಿ ಉಗುಳುವ ಆಯುಧ. ಅದನ್ನು ಮೊಟ್ಟೆಗಳ ಕಡೆ ತಿರುಗಿಸುತ್ತಾಳೆ. ರಾಣಿ ತನ್ನ ಕಾವಲಿನವರನ್ನು ಹಿಂದೆ ಸರಿಸುತ್ತದೆ. ಒಂದೂ ಮಾತಿಲ್ಲ. ನಿನ್ನ ಮಕ್ಕಳ ತಂಟೆಗೆ ನಾನು ಬರಲ್ಲ, ನನ್ನ ಮಗುವಿನ ತಂಟೆಗೆ ನೀನು ಬರಬೇಡ. ಇಬ್ಬರು ತಾಯಂದಿರಿಗೆ ಅರ್ಥವಾಗುತ್ತದೆ. ಆಮೇಲೆ ಪಕ್ಕದ ಒಂದು ಮೊಟ್ಟೆ ತೆರೆದುಕೊಂಡು ಎಲ್ಲ ಕೆಟ್ಟುಹೋಗುತ್ತದೆ, ಬೆಂಕಿ ಬೀಳುತ್ತದೆ. ಸರಿ, ಸಿನಿಮಾ ಮುಂದೆ ಹೋಗಬೇಕಲ್ಲ. ಆದರೆ ಆ ಒಂದು ಕ್ಷಣ ಬರೆಯಲು ನಿಮಗೆ ಬರುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಬೇರೆ ಸಾಕ್ಷಿಗಳೂ ಇವೆ. 1953ರಲ್ಲಿ ಯೂಜೀನ್ ಲೂರಿಯೆ ಅನ್ನುವ ನಿರ್ದೇಶಕರು ಒಂದು ದೈತ್ಯ ಪ್ರಾಣಿಯ ಸಿನಿಮಾ ಮಾಡಿದರು. ಕೊನೆಯಲ್ಲಿ ಪ್ರಾಣಿ ಸಾಯುತ್ತದೆ. ಅವರ ಪುಟ್ಟ ಮಗಳು ಅದನ್ನು ನೋಡಿ, ಯಾಕೆ ಕೊಂದೆ ಅಂತ ಅಪ್ಪನ ಮೇಲೆಯೇ ಅತ್ತು ಸಿಟ್ಟಾದಳಂತೆ. 1961ರಲ್ಲಿ ಅವರೇ ‘ಗೋರ್ಗೋ’ ಮಾಡಿದರು. ಸಮುದ್ರದ ಒಂದು ಮರಿಯನ್ನು ಹಿಡಿದು ತಂದು ಲಂಡನ್ನಿನಲ್ಲಿ ಸರ್ಕಸ್ಸಿಗೆ ನಿಲ್ಲಿಸುತ್ತಾರೆ. ಅದರ ತಾಯಿ ಹುಡುಕಿಕೊಂಡು ಬರುತ್ತದೆ. ಊರು ಪುಡಿಪುಡಿ. ಮರಿಯನ್ನು ಕರೆದುಕೊಂಡು ಸಮುದ್ರಕ್ಕೆ ವಾಪಸ್ ಹೋಗುತ್ತದೆ. ಇಬ್ಬರೂ ಸಾಯುವುದಿಲ್ಲ! ಕೋಪಿಸಿಕೊಂಡ ಒಂದು ಮಗುವಿನ ಮಾತನ್ನು ಕೇಳಿಸಿಕೊಂಡ ನಿರ್ದೇಶಕ ಅವರು. ಗೌರವವಿದೆ.

1954ರ ಜಪಾನಿನ ಮೂಲ ‘ಗಾಡ್ಜಿಲ್ಲಾ’ ಕೂಡ ಹಾಗೆಯೇ. ಇಶಿರೋ ಹೊಂಡಾ ಅವರ ದೈತ್ಯ ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ನೆಲೆ ತಪ್ಪಿ ಬಂದದ್ದು. ಅದರ ಚರ್ಮದ ಗಂಟುಗಳಿಗೆ ಅಣುಬಾಂಬಿನಿಂದ ಬದುಕುಳಿದವರ ಸುಟ್ಟಗಾಯದ ಕಲೆಗಳೇ ಮಾದರಿ ಅನ್ನುತ್ತಾರೆ. ಅಂದರೆ ಅದೂ ಸುಟ್ಟುಕೊಂಡೇ ಬಂದದ್ದು. ಆ ಸಿನಿಮಾದಲ್ಲಿ ಯಮಾನೆ ಅನ್ನುವ ವಯಸ್ಸಾದ ವಿಜ್ಞಾನಿ ಅದನ್ನು ಕೊಲ್ಲಬೇಡಿ ಅನ್ನುತ್ತಾನೆ. ಯಾರೂ ಕೇಳದಿದ್ದಾಗ ಕತ್ತಲೆ ಕೋಣೆಯಲ್ಲಿ ಒಬ್ಬನೇ ಕೂರುತ್ತಾನೆ. ಅವನನ್ನು ಹುಚ್ಚನ ಹಾಗೆ ತೋರಿಸಿಲ್ಲ. ಅದೇ ದೊಡ್ಡ ವಿಷಯ. ಗಾಡ್ಜಿಲ್ಲಾ ಸಾಯುತ್ತದೆ, ಊರಿನ ಅಷ್ಟು ಜನ ಸತ್ತ ಮೇಲೆ ಸಾಯದೆ ವಿಧಿಯಿಲ್ಲ. ಆದರೆ ಸತ್ತಾಗ ಸಿನಿಮಾ ಕುಣಿಯುವುದಿಲ್ಲ.

ಎಲ್ಲ ರಾಕ್ಷಸರನ್ನೂ ಮಡಿಲಲ್ಲಿ ಹಾಕಿಕೊಳ್ಳುತ್ತೇನೆ ಅಂತಲ್ಲ. ಕೋಟೆಯಲ್ಲಿ ಕೂತು ಯೋಚಿಸಿ ರಕ್ತ ಹೀರುವ ಶ್ರೀಮಂತ ಮುದುಕನ ಮೇಲೆ ನನಗೆ ಒಂದು ತೊಟ್ಟು ಕನಿಕರ ಇಲ್ಲ. ಮುಖವಾಡ ಹಾಕಿಕೊಂಡು ಚಾಕು ಹಿಡಿದು ಹುಡುಗಿಯರ ಹಿಂದೆ ಬೀಳುವವನ ಮೇಲಂತೂ ಇಲ್ಲವೇ ಇಲ್ಲ, ಅವನ ಬಾಲ್ಯದ ಕಷ್ಟ ಎಷ್ಟೇ ಫ್ಲ್ಯಾಶ್‌ಬ್ಯಾಕ್ ತೋರಿಸಿ. ಅವರಿಗೆ ತಾವು ಮಾಡುವುದು ಗೊತ್ತು. ನಾನು ಕೇಳುತ್ತಿರುವುದು ಗೊತ್ತಿಲ್ಲದವರ ಪರವಾಗಿ. ಹಸಿದವು, ದಾರಿ ತಪ್ಪಿದವು, ಸರಪಳಿಯಲ್ಲಿ ಬಂದವು, ಯಾರೋ ಪ್ರಯೋಗಾಲಯದಲ್ಲಿ ಮಾಡಿ ಬಿಟ್ಟುಹೋದವು.

ಹಾಗಾಗಿ ನನ್ನ ಬೇಡಿಕೆಗಳು. ಅದು ಯಾಕೆ ಬಂತು ಅಂತ ಕೇಳುವ ಒಬ್ಬ ಮನುಷ್ಯನನ್ನಾದರೂ ಕಥೆಯಲ್ಲಿ ಇಡಿ, ಅವನನ್ನು ಮೊದಲ ಅರ್ಧದಲ್ಲೇ ಅದರ ಬಾಯಿಗೆ ಹಾಕಬೇಡಿ. ಮರಿಯನ್ನು ಮುಂದಿನ ಭಾಗಕ್ಕೆ ಗಾಳವಾಗಿ ಬಳಸಬೇಡಿ. ಕೊಲ್ಲಲೇಬೇಕು ಅಂದರೆ ಕೊಲ್ಲಿ, ಕಥೆ ನಿಮ್ಮದು. ಆದರೆ ಅದು ಬಿದ್ದ ಮೇಲೆ ಕಹಳೆ ಊದುವ ಮೊದಲು ಅರ್ಧ ನಿಮಿಷ ಸುಮ್ನೆ ಇರಿ. ಸಂಗೀತ ಬೇಡ, ನಾಯಕನ ಜೋಕ್ ಬೇಡ. ಅಳುವವರು ಅಷ್ಟರಲ್ಲಿ ಅತ್ತುಕೊಳ್ಳುತ್ತೇವೆ.

ತಾಯಿ-ರಾಕ್ಷಸಿಯನ್ನು ಡಿಸೈನ್ ಮಾಡುವ ಕೋಣೆಯಲ್ಲಿ ಹೆತ್ತವರು, ಹಾಲೂಡಿಸಿದವರು ಯಾರಾದರೂ ಇರಲಿ. ಲೋಳೆ ಬೇಕಿದ್ದರೆ ಲೋಳೆ ಹಾಕಿ, ಹೆರಿಗೆಯ ಕೋಣೆ ನೋಡಿದವರಿಗೆ ಅದೇನೂ ಹೊಸದಲ್ಲ. ಜೊತೆಗೆ ಅವಳು ಮರಿಯನ್ನು ಮೂಸಿ ನೋಡುವ ಒಂದು ಶಾಟ್ ಇಡಿ.

ಇನ್ನು ಟ್ರೇಲರ್ ಮಾಡುವವರಿಗೆ ಬೇರೆಯಾಗಿ ಒಂದು ಮಾತು. ಕಂದನಂಥ ಮುಖ ತೋರಿಸಿ ಟಿಕೆಟ್ ಮಾರಿ, ಕೊನೆಯಲ್ಲಿ ಆ ಮುಖವನ್ನೇ ಸುಡುವ ಸಿನಿಮಾ ಆಗಿದ್ದರೆ ದಯವಿಟ್ಟು ಮೊದಲೇ ಒಂದು ಸೂಚನೆ ಹಾಕಿ. ರಕ್ತಪಾತಕ್ಕೆ ಹಾಕುತ್ತೀರಿ, ಸಿಗರೇಟಿಗೆ ಹಾಕುತ್ತೀರಿ. ಇದಕ್ಕೂ ಒಂದು ಸಾಲು ಹಾಕಿದರೆ ನಿಮ್ಮ ಗಂಟು ಹೋಗುವುದಿಲ್ಲ.

ಉತ್ತರ ಬರೆಯುವ ಮನಸ್ಸಾದರೆ ಎಲ್ಲದಕ್ಕೂ ಬೇಡ. ಆ 1998ರ ಕೊನೆಯ ಮೊಟ್ಟೆಯಿಂದ ಹೊರಬಂದ ಮರಿಗೆ ಆಮೇಲೆ ಊಟ ಹಾಕಿದವರು ಯಾರು ಅನ್ನುವುದಕ್ಕೆ ಬರೆಯಿರಿ, ಸಾಕು.

ಇಂತಿ,
ನಿಮ್ಮ ಸಿನಿಮಾ ಇನ್ನೂ ನೋಡುತ್ತಿರುವ
ಒಬ್ಬ ತಾಯಿ